ಬಿಳಿ ಗೋಡೆಗೆ ಯಾವ ಬಣ್ಣ?

ಮಕ್ಕಳೇ, ನಿಮ್ಮ ಮನೆಯ ಪಡಸಾಲೆಯ ಚಿತ್ರ ಬರೆಯಿರಿ ಎಂದರೆ ಬಹಳ ಮಂದಿ ಮೊದಲು ಒಂದು ದೊಡ್ಡ ಚೌಕ ಎಳೆಯುತ್ತೀರಿ. ಅದರೊಳಗೆ ಒಂದು ಟೇಬಲ್ಲು, ನಾಲ್ಕೂ ಕಾಲು ಕಾಣುವಂತೆ. ಆಮೇಲೆ ಕಿಟಕಿ, ಟಿವಿ, ದೇವರ ಫೋಟೊ, ಕ್ಯಾಲೆಂಡರು. ಬಣ್ಣ ತುಂಬುವಾಗ ಬಾಗಿಲಿಗೆ ಕಂದು, ಪರದೆಗೆ ಹಸಿರು. ಗೋಡೆಯನ್ನು ಮಾತ್ರ ಹಾಗೇ ಬಿಡುತ್ತೀರಿ. ಕೇಳಿದರೆ, ‘ಗ್ವಾಡಿ ಬಿಳೇದೈತ್ರಿ ಸರ, ಅದಕ್ಯಾಕ ಬಣ್ಣ?’ ಅನ್ನುತ್ತೀರಿ.

ಹಾಗೆ ಬರೆದದ್ದು ನಿಮಗೆ ಗೊತ್ತಿರುವ ಪಡಸಾಲೆ. ಟೇಬಲ್ಲಿಗೆ ನಾಲ್ಕು ಕಾಲಿವೆ ಎಂದು ಗೊತ್ತು, ಗೋಡೆಗೆ ಸುಣ್ಣ ಬಳಿದದ್ದು ಗೊತ್ತು. ಆದರೆ ಒಂದು ಕಡೆ ಅಲುಗಾಡದೆ ಕೂತು ನೋಡಿದಾಗ ಕಣ್ಣಿಗೆ ಬೀಳುವ ಪಡಸಾಲೆಯೇ ಬೇರೆ. ಅಲ್ಲಿ ಟೇಬಲ್ಲಿನ ಒಂದು ಕಾಲು ಮರೆಯಾಗಿರುತ್ತದೆ. ಆರಡಿ ಎತ್ತರದ ಬಾಗಿಲು ನಿಮ್ಮ ಕೈಯಲ್ಲಿರುವ ಪೆನ್ಸಿಲ್ಲಿನ ಹಿಂದೆ ಅಡಗಬಲ್ಲಷ್ಟು ಗಿಡ್ಡವಾಗಿರುತ್ತದೆ. ಬಿಳಿ ಗೋಡೆಯ ಮೇಲೆ ನೀಲಿಯೂ ಇರುತ್ತದೆ, ಹಳದಿಯೂ ಇರುತ್ತದೆ. ಈ ಎರಡನೆಯ ಪಡಸಾಲೆಯನ್ನು ಸ್ಕೆಚ್ ಪೆನ್ನು, ಬಣ್ಣದ ಪೆನ್ಸಿಲ್ಲುಗಳಿಂದ ಕಾಗದಕ್ಕೆ ಇಳಿಸುವುದು ಹೇಗೆ, ಇಳಿಸುವಾಗ ಕಣ್ಣಿನಲ್ಲೂ ಕಾಗದದಲ್ಲೂ ಏನೇನು ನಡೆಯುತ್ತದೆ ಎಂಬುದನ್ನು ಇವತ್ತು ನೋಡೋಣ.

ಸಂಕೇಶ್ವರದ ಒಂದು ಹಳೆಯ ಮನೆಯನ್ನೇ ತೆಗೆದುಕೊಳ್ಳೋಣ. ಹಿರಣ್ಯಕೇಶಿ ಹೊಳೆಯ ದಂಡೆಯ ಈ ಊರಿನಲ್ಲಿ ಈಗ ಸಿಮೆಂಟಿನ ಮನೆಗಳೇ ಹೆಚ್ಚಾಗಿವೆ, ನಿಜ. ಆದರೂ ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಅಜ್ಜನ ಕಾಲದ ಮನೆ ಯಾರದಾದರೂ ಒಂದು ಸಿಕ್ಕೇ ಸಿಗುತ್ತದೆ. ಒಳಗೆ ಹೋಗಿ ಮೇಲೆ ನೋಡಿದರೆ ದಪ್ಪ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಸಾಲಾಗಿ ಜೋಡಿಸಿದ ಜಂತಿ. ಕೆಳಗೆ ನೋಡಿದರೆ ಶಹಾಬಾದ್ ಫರಸಿಯ ಚೌಕಗಳು. ಚಿತ್ರ ಕಲಿಯುವವರಿಗೆ ಇಂಥ ಕೋಣೆಗಿಂತ ಒಳ್ಳೆಯ ಶಾಲೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ನುಣುಪಾದ ಸ್ಲ್ಯಾಬಿನ ಕೆಳಗೆ ಕೂತವರಿಗೆ ಹಿಡಿದುಕೊಳ್ಳಲು ಒಂದು ಗೆರೆಯೂ ಸಿಗುವುದಿಲ್ಲ. ಇಲ್ಲಿ ಬಡಿಗ ಮತ್ತು ಗೌಂಡಿ ಇಬ್ಬರೂ ಸೇರಿ ನಿಮಗಾಗಿ ಗೆರೆ ಎಳೆದೇ ಇಟ್ಟಿದ್ದಾರೆ.

ಒಂದು ಗೋಡೆಗೆ ಬೆನ್ನು ಹಚ್ಚಿ, ಎದುರಿನ ಗೋಡೆಯನ್ನು ನೇರವಾಗಿ ನೋಡುತ್ತ ಕೂಡಿರಿ. ನಿಮ್ಮ ಕಡೆಯಿಂದ ಆ ಗೋಡೆಯತ್ತ ಹೋಗುವ ಎರಡು ತೊಲೆಗಳನ್ನು ಗಮನಿಸಿ. ಬಡಿಗ ಅವುಗಳನ್ನು ಸಮಾಂತರವಾಗಿಯೇ ಇಟ್ಟಿದ್ದಾನೆ, ಅಳತೆ ಪಟ್ಟಿ ಹಿಡಿದರೆ ಆ ತುದಿಗೂ ಈ ತುದಿಗೂ ಅಂತರ ಒಂದೇ. ಕಣ್ಣಿಗೆ ಮಾತ್ರ ಅವು ದೂರ ಹೋದಂತೆ ಒಂದರ ಹತ್ತಿರ ಒಂದು ಬರುತ್ತವೆ. ಈಗ ಅಡ್ಡ ಇರುವ ಜಂತಿಗಳನ್ನು ನೋಡಿ. ಅವು ವಾಲುವುದಿಲ್ಲ, ಅಡ್ಡವಾಗಿಯೇ ಇರುತ್ತವೆ. ಆದರೆ ನಿಮ್ಮ ತಲೆಯ ಮೇಲಿನ ಎರಡು ಜಂತಿಗಳ ನಡುವೆ ಅಗಲವಾದ ಜಾಗ ಕಾಣುತ್ತದೆ, ದೂರದ ಎರಡರ ನಡುವೆ ಬೆರಳಿನಷ್ಟೂ ಕಾಣುವುದಿಲ್ಲ. ಒಂದೇ ಮಾಳಿಗೆಯಲ್ಲಿ ಒಂದು ಜಾತಿಯ ಗೆರೆ ಕೂಡುತ್ತದೆ, ಇನ್ನೊಂದು ಜಾತಿಯ ಗೆರೆ ಒತ್ತೊತ್ತಾಗುತ್ತದೆ. ಕೋಣೆಯ ಚಿತ್ರದ ಅರ್ಧ ವಿದ್ಯೆ ಇಷ್ಟರಲ್ಲೇ ಇದೆ.

ಹೀಗೇಕೆ? ಒಂದು ವಸ್ತುವಿನ ತಲೆಯಿಂದ ಒಂದು ಬೆಳಕಿನ ಕಿರಣ, ಬುಡದಿಂದ ಇನ್ನೊಂದು ಕಿರಣ ನಿಮ್ಮ ಕಣ್ಣಿಗೆ ಬರುತ್ತವೆ. ಬೆಳಕು ನೇರವಾಗಿ ಹೋಗುವುದರಿಂದ ಈ ಎರಡು ಕಿರಣಗಳ ನಡುವೆ ಕಣ್ಣಿನ ಬಳಿ ಒಂದು ಕೋನ ಏರ್ಪಡುತ್ತದೆ. ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು ಆ ಕೋನದ ಮೇಲೆ ನಿಂತಿದೆ. ದೂರ ಹೆಚ್ಚಾದರೆ ಕೋನ ಕಿರಿದಾಗುತ್ತದೆ. ಪಡಸಾಲೆಯಲ್ಲಿ ಒಂದೇ ಎತ್ತರದ ಎರಡು ಕಂಬಗಳಿದ್ದರೆ ಇದನ್ನು ಅಳೆದೇ ನೋಡಬಹುದು. ಒಂದು ಕಣ್ಣು ಮುಚ್ಚಿ, ತೋಳನ್ನು ಪೂರ್ತಿ ಚಾಚಿ, ಪೆನ್ಸಿಲ್ಲನ್ನು ನೆಟ್ಟಗೆ ಹಿಡಿಯಿರಿ. ಪೆನ್ಸಿಲ್ಲಿನ ತುದಿ ಕಂಬದ ತಲೆಗೆ ಬರಲಿ, ಹೆಬ್ಬೆರಳಿನ ಉಗುರು ಕಂಬದ ಬುಡಕ್ಕೆ ಬರಲಿ. 9 ಅಡಿ ದೂರದ ಕಂಬ ಪೆನ್ಸಿಲ್ಲಿನ ಮೇಲೆ ಎಷ್ಟು ಉದ್ದ ಬರುತ್ತದೋ 18 ಅಡಿ ದೂರದ ಕಂಬ ಅದರ ಅರ್ಧಕ್ಕೆ ಬರುತ್ತದೆ. ದೂರ ಎರಡರಷ್ಟಾದರೆ ಅಳತೆ ಅರ್ಧ, ಮೂರರಷ್ಟಾದರೆ ಮೂರನೆಯ ಒಂದು ಪಾಲು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಕಲಿಸುವ ಡ್ರಾಯಿಂಗ್ ಸರ್ ಹೀಗೆ ಪೆನ್ಸಿಲ್ ಹಿಡಿದು ನಿಲ್ಲುವುದನ್ನು ನೀವು ಕಂಡಿರಬಹುದು. ಅವರು ಕೋನವನ್ನು ಅಳೆಯುತ್ತಿರುತ್ತಾರೆ.

ತೊಲೆಗಳ ಗೆರೆಗಳನ್ನು ಕಾಗದದ ಮೇಲೆ ಮುಂದಕ್ಕೆ ಎಳೆಯುತ್ತ ಹೋದರೆ ಅವು ಒಂದು ಬಿಂದುವಿನಲ್ಲಿ ಕೂಡುತ್ತವೆ. ಫರಸಿಯ ಸಂದುಗಳ ಗೆರೆಗಳನ್ನು ಎಳೆದರೂ ಅದೇ ಬಿಂದು. ಗೋಡೆಯ ಮೇಲಿನ ಗೂಡು, ಕಿಟಕಿಯ ದಂಡೆ, ನಿಮ್ಮ ಕಡೆಯಿಂದ ದೂರಕ್ಕೆ ಹೋಗುವ ಪ್ರತಿಯೊಂದು ಅಂಚೂ ಅಲ್ಲಿಗೇ ಬರುತ್ತದೆ. ಆ ಬಿಂದು ಎಲ್ಲಿದೆ ಗೊತ್ತೇ? ಸರಿಯಾಗಿ ನಿಮ್ಮ ಕಣ್ಣಿನ ಎತ್ತರದಲ್ಲಿ, ಎದುರಿನ ಗೋಡೆಯ ಮೇಲೆ. ಚಾಪೆಯ ಮೇಲೆ ಕೂತಾಗ ಅದು ಕೆಳಗಿರುತ್ತದೆ, ಎದ್ದು ನಿಂತರೆ ನಿಮ್ಮ ಜೊತೆ ಏರುತ್ತದೆ. ಅದಕ್ಕೇ ಕಣ್ಣಿಗಿಂತ ಮೇಲಿರುವ ತೊಲೆಯ ಗೆರೆ ದೂರ ಹೋದಂತೆ ಇಳಿಯುತ್ತದೆ, ಕಣ್ಣಿಗಿಂತ ಕೆಳಗಿರುವ ನೆಲದ ಗೆರೆ ಏರುತ್ತದೆ. ನಿಮ್ಮ ಅಕ್ಕ, ನೀವು, ನಿಮ್ಮ ತಮ್ಮ ಮೂವರೂ ಒಂದೇ ಜಾಗದಲ್ಲಿ ನಿಂತು ಚಿತ್ರ ಬರೆದರೆ ಮೂರು ಬೇರೆ ಚಿತ್ರಗಳಾಗುತ್ತವೆ, ಮೂರೂ ಸರಿಯಾಗಿರುತ್ತವೆ.

ಈಗ ನೆಲದ ಲೆಕ್ಕ. ಒತ್ತೊತ್ತಾಗುವ ಅಡ್ಡ ಗೆರೆಗಳನ್ನು ಎಷ್ಟೆಷ್ಟು ಅಂತರಕ್ಕೆ ಎಳೆಯಬೇಕು? ಅಂದಾಜಿನ ಮೇಲೆ ಎಳೆದರೆ ನೆಲ ಗುಡ್ಡ ಹತ್ತಿದ ಹಾಗೆ ಕಾಣುತ್ತದೆ. ನಿಮ್ಮ ಮನೆಯ ಫರಸಿ 2 ಅಡಿಯದು ಎಂದುಕೊಳ್ಳಿ. ನಿಮ್ಮಿಂದ 4 ಅಡಿ, 8 ಅಡಿ, 12 ಅಡಿ, 16 ಅಡಿ ದೂರದ ಸಂದುಗಳನ್ನು ಬರೆಯೋಣ. ಮೊದಲು ಕಾಗದದ ಮೇಲೆ ಕಣ್ಣಿನ ಮಟ್ಟದ ಗೆರೆ ಎಳೆಯಿರಿ. 4 ಅಡಿ ದೂರದ ಸಂದನ್ನು ಆ ಗೆರೆಯಿಂದ 12 ಸೆಂಟಿಮೀಟರ್ ಕೆಳಗೆ ಬರೆಯಿರಿ. 8 ಅಡಿಯದು ದೂರದಲ್ಲಿ ಎರಡರಷ್ಟು, ಹಾಗಾಗಿ 12ನ್ನು 2ರಿಂದ ಭಾಗಿಸಿ 6 ಸೆಂ.ಮೀ. ಕೆಳಗೆ. 12 ಅಡಿಯದಕ್ಕೆ 3ರಿಂದ ಭಾಗಿಸಿದರೆ 4 ಸೆಂ.ಮೀ. 16 ಅಡಿಯದಕ್ಕೆ 3 ಸೆಂ.ಮೀ. ಮೊದಲ ಎರಡು ಗೆರೆಗಳ ನಡುವೆ 6 ಸೆಂ.ಮೀ. ಅಂತರ, ಕೊನೆಯ ಎರಡರ ನಡುವೆ ಬರೀ 1. ನಿಮ್ಮ ಗಣಿತದ ಪುಸ್ತಕದ ವಿಲೋಮ ಅನುಪಾತ ಪಡಸಾಲೆಯ ನೆಲದಲ್ಲೇ ಹಾಸಿಕೊಂಡಿದೆ.

ಸರಿ ಬಂತೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ಉಪಾಯವಿದೆ. ನೆಲದ ಒಂದು ಚೌಕಕ್ಕೆ ಮೂಲೆಯಿಂದ ಮೂಲೆಗೆ ಕರ್ಣ ಎಳೆದು ಅದನ್ನೇ ಮುಂದುವರಿಸಿ. ಮುಂದಿನ ಚೌಕಗಳ ಮೂಲೆಗಳನ್ನು ಅದು ಒಂದೊಂದಾಗಿ ಮುಟ್ಟುತ್ತ ಹೋದರೆ ನಿಮ್ಮ ಚಿತ್ರ ಸರಿ. ಒಂದು ಮೂಲೆ ತಪ್ಪಿದರೂ ಎಲ್ಲೋ ಅಳತೆ ಕೆಟ್ಟಿದೆ. ಈ ಪರೀಕ್ಷೆಯನ್ನು ಇಟಲಿಯ ಲಿಯೋನ್ ಬಟಿಸ್ಟಾ ಅಲ್ಬೆರ್ಟಿ ಎಂಬಾತ 1435ರ ಸುಮಾರಿಗೆ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಹೇಳಿದ್ದಾನೆ. ಅವನೂ ವಿವರಣೆಗೆ ಆರಿಸಿಕೊಂಡದ್ದು ಚೌಕ ಹಾಸಿನ ನೆಲವನ್ನೇ. ಅವನಿಗಿಂತ ಸ್ವಲ್ಪ ಮೊದಲು ಫ್ಲಾರೆನ್ಸ್ ನಗರದಲ್ಲಿ ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ ಕನ್ನಡಿ ಹಿಡಿದು ಪ್ರಯೋಗ ಮಾಡಿ ತೋರಿಸಿದ್ದ. ಡ್ರಾಯಿಂಗ್ ಸರ್ ‘ಪರ್ಸ್ಪೆಕ್ಟಿವ್’ ಅನ್ನುವುದು ಇದಕ್ಕೇ.

ಗೆರೆಗಳು ಮುಗಿದವು, ಬೆಳಕಿಗೆ ಬರೋಣ. ಬೆಳಕಿಲ್ಲದೆ ಬಣ್ಣವಿಲ್ಲ.

ಹಂಚಿನ ಮನೆಯಲ್ಲಿ ಬಿಸಿಲು ಹೊತ್ತಿನಲ್ಲಿ ನೆಲದ ಮೇಲೆ ದುಂಡನೆಯ ಬೆಳಕಿನ ಬಿಲ್ಲೆಗಳು ಬೀಳುವುದನ್ನು ನೋಡಿದ್ದೀರಾ? ಹಂಚಿನ ಸಂದು ದುಂಡಗಿರುವುದಿಲ್ಲ, ಸೊಟ್ಟಗೆ, ಚೂಪಾಗಿ ಹೇಗೇಗೋ ಇರುತ್ತದೆ. ಬಿಲ್ಲೆ ಮಾತ್ರ ದುಂಡಗೇ ಬರುತ್ತದೆ, ಏಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಚಿತ್ರ. ಸಣ್ಣ ಸಂದಿನ ಮೂಲಕ ಬಂದ ನೇರ ಕಿರಣಗಳು ನೆಲದ ಮೇಲೆ ಸೂರ್ಯನನ್ನೇ ಬರೆದಿರುತ್ತವೆ. ಸೂರ್ಯ ನೆತ್ತಿಯ ಹತ್ತಿರ ಇದ್ದು ಸಂದು 3 ಮೀಟರ್ ಎತ್ತರದಲ್ಲಿದ್ದರೆ ಬಿಲ್ಲೆಯ ಅಗಲ 3 ಸೆಂಟಿಮೀಟರಿಗೆ ತುಸು ಕಡಿಮೆ ಬರಬೇಕು. ಅಳೆದು ನೋಡಿ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ಬೆಳಿಗ್ಗೆ ಕರ್ನಾಟಕದಲ್ಲಿ ಇಂಥ ಬಿಲ್ಲೆಗಳು ದುಂಡಗಿರದೆ ಒಂದು ಬದಿ ಕಚ್ಚಿಹೋದ ಆಕಾರಕ್ಕೆ ತಿರುಗಿದ್ದವು. ಆಕಾಶದಲ್ಲಿ ಸೂರ್ಯನಿಗೆ ಆದದ್ದೇ ನೆಲದ ಮೇಲಿನ ಚಿತ್ರಕ್ಕೂ ಆಗಿತ್ತು.

ಕೋಣೆಯನ್ನು ಪೂರ್ತಿ ಕತ್ತಲೆ ಮಾಡಿ ಒಂದೇ ಒಂದು ಸಣ್ಣ ರಂಧ್ರ ಬಿಟ್ಟರೆ ಸೂರ್ಯ ಮಾತ್ರವಲ್ಲ, ಹೊರಗಿನ ಓಣಿಯೇ ಒಳಗಿನ ಗೋಡೆಯ ಮೇಲೆ ಮೂಡುತ್ತದೆ, ತಲೆಕೆಳಗಾಗಿ. ಹಂಪಿಯ ವಿರೂಪಾಕ್ಷ ಗುಡಿಗೆ ಪ್ರವಾಸ ಹೋದವರು ಇದನ್ನು ಕಂಡಿರುತ್ತೀರಿ. ಅಲ್ಲಿ ಒಳಗಿನ ಒಂದು ಗೋಡೆಯ ಮೇಲೆ ದೊಡ್ಡ ಗೋಪುರ ತಲೆಕೆಳಗಾಗಿ ಬೀಳುತ್ತದೆ. ಗೋಪುರದ ತುದಿಯಿಂದ ಹೊರಟ ಕಿರಣ ರಂಧ್ರದ ಮೂಲಕ ಕೆಳಮುಖವಾಗಿ ಹಾದು ಗೋಡೆಯ ಕೆಳಭಾಗಕ್ಕೆ ಬರುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ ಹೋಗುತ್ತದೆ. ಸುಮಾರು ಸಾವಿರ ವರ್ಷದ ಹಿಂದೆಯೇ ಇಬ್ನ್ ಅಲ್-ಹೈಥಮ್ ಎಂಬ ಅರಬ್ ವಿಜ್ಞಾನಿ ರಂಧ್ರದ ಮೂಲಕ ಹಾಯುವ ಬೆಳಕನ್ನು ಹೀಗೆ ಅಭ್ಯಾಸ ಮಾಡಿದ್ದ. ನಿಮ್ಮ ಕಣ್ಣೂ ಅಂಥದೇ ಒಂದು ಕತ್ತಲೆ ಕೋಣೆ. ಅದರ ಹಿಂದಿನ ಪರದೆಯ ಮೇಲೆ ಬೀಳುವ ಚಿತ್ರವೂ ತಲೆಕೆಳಗೇ. ನೆಟ್ಟಗೆ ನೋಡುವ ಕೆಲಸ ಮಿದುಳಿನದು.

ಮಿದುಳು ಇನ್ನೊಂದು ದೊಡ್ಡ ಕೆಲಸ ಮಾಡುತ್ತದೆ. ಅದರಿಂದಾಗಿಯೇ ನಮ್ಮ ಬಿಳಿ ಗೋಡೆ ಬಿಳಿಯಾಗಿ ಕಾಣುವುದು. ಒಂದು ಪ್ರಯೋಗ ಮಾಡಿ. ಹಳೆಯ ಪೇಪರನ್ನು ಸುತ್ತಿ ಬೆರಳು ಹೋಗುವಷ್ಟು ಅಗಲದ ಕೊಳವೆ ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಕೊಳವೆ ಹಚ್ಚಿ ಕಿಟಕಿಯ ಪಕ್ಕದ ಗೋಡೆಯ ಒಂದು ತುಣುಕನ್ನು ನೋಡಿ. ನಂತರ ದೂರದ ಮೂಲೆಯದನ್ನು ನೋಡಿ. ಆಮೇಲೆ ಕೆಂಪು ಚಾದರ ಹಾಸಿದ ಮಂಚದ ಹಿಂದಿನ ಗೋಡೆಯನ್ನು ನೋಡಿ. ಮೂರೂ ಒಂದೇ ಡಬ್ಬಿಯ ಬಣ್ಣ ಕಂಡ ಗೋಡೆಗಳು. ಆದರೆ ಕೊಳವೆಯೊಳಗಿಂದ ಒಂದು ಹೊಳೆಯುವ ಬಿಳಿ, ಒಂದು ಬೂದಿ, ಇನ್ನೊಂದು ತಿಳಿ ಗುಲಾಬಿ. ಸುತ್ತಲಿನ ಬೇರೆ ವಸ್ತುಗಳು ಕಾಣದಿರುವಾಗ ಮಿದುಳಿಗೆ ಹೋಲಿಸಿ ತಿದ್ದಲು ಆಗುವುದಿಲ್ಲ. ಬಂದ ಬೆಳಕನ್ನು ಬಂದ ಹಾಗೆಯೇ ತೋರಿಸಿಬಿಡುತ್ತದೆ. ಕೊಳವೆ ತೆಗೆದ ಕೂಡಲೇ ಅದು ಲೆಕ್ಕ ಹಾಕಿ ‘ಎಲ್ಲವೂ ಬಿಳಿಯೇ’ ಎಂದು ತೀರ್ಪು ಕೊಡುತ್ತದೆ. ದಿನದ ಬದುಕಿಗೆ ಈ ತೀರ್ಪು ಬಹಳ ಉಪಯುಕ್ತ, ಇಲ್ಲದಿದ್ದರೆ ಮುಂಜಾನೆ ಕಂಡ ಅಂಗಿ ಸಂಜೆಗೆ ಗುರುತೇ ಸಿಗುತ್ತಿರಲಿಲ್ಲ. ಚಿತ್ರ ಬರೆಯುವವರು ಮಾತ್ರ ತೀರ್ಪಿಗೆ ಮೊದಲಿನದನ್ನು ಬರೆಯಬೇಕು.

ಹಾಗಾದರೆ ಬಿಳಿ ಗೋಡೆಗೆ ಯಾವ ಬಣ್ಣ? ಯಾವ ಬೆಳಕು ಅದರ ಮೇಲೆ ಬಿದ್ದಿದೆಯೋ ಆ ಬಣ್ಣ. ಬಾಗಿಲಿಂದ ಬರೀ ಆಕಾಶದ ಬೆಳಕು ಬರುತ್ತಿದ್ದರೆ ನೆರಳಿನ ಗೋಡೆಗೆ ತೀರ ತೆಳುವಾಗಿ ನೀಲಿ ಪೆನ್ಸಿಲ್. ಕೆಂಪು ಚಾದರಕ್ಕೆ ಬಡಿದ ಬೆಳಕು ಕೆಂಪು ಪಾಲನ್ನು ಗೋಡೆಗೆ ಎರಚಿದ್ದರೆ ಅಲ್ಲಿ ತುಸು ಗುಲಾಬಿ. ನೆರಳೆಂದರೆ ಕಪ್ಪು ಎಂದುಕೊಂಡು ಕಪ್ಪು ಸ್ಕೆಚ್ ಪೆನ್ ತೆಗೆಯಬೇಡಿ. ಕೋಣೆಯೊಳಗಿನ ನೆರಳು ಬೆಳಕೇ ಇಲ್ಲದ ಜಾಗವಲ್ಲ, ಬೇರೆ ಕಡೆಯಿಂದ ಬಂದ ಕಡಿಮೆ ಬೆಳಕಿನ ಜಾಗ.

ಬಿಸಿಲಿನ ತುಂಡು ನೆಲದ ಮೇಲೆ ಎಲ್ಲಿ ಬೀಳಬೇಕು ಎಂಬುದಕ್ಕೂ ಲೆಕ್ಕವಿದೆ. ಸಂಕೇಶ್ವರ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 16 ಡಿಗ್ರಿಯ ಮೇಲಿದೆ. ಡಿಸೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ, ನೆಲದಿಂದ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಬರುತ್ತದೆ. ಮೇ ಮೊದಲ ವಾರದ ಮಧ್ಯಾಹ್ನ ಅವನು ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ, ಅದೇ ಕಿಟಕಿಯಿಂದ ಬಿಸಿಲು ಒಳಗೆ ಬರುವುದೇ ಇಲ್ಲ. ದೀಪಾವಳಿ ರಜೆಯ ಪಡಸಾಲೆಯ ಚಿತ್ರಕ್ಕೂ ಬೇಸಿಗೆ ರಜೆಯ ಚಿತ್ರಕ್ಕೂ ಬೆಳಕಿನ ತುಂಡು ಬೇರೆ ಬೇರೆ ಜಾಗದಲ್ಲಿ ಬರಬೇಕು.

ಈ ಬಿಸಿಲಿನ ತುಂಡಿಗೆ ಬಣ್ಣ ಹಚ್ಚುವುದು ಹೇಗೆ? ಹಚ್ಚಬಾರದು. ಕಾಗದವನ್ನು ಅಲ್ಲಿ ಖಾಲಿ ಬಿಡಬೇಕು. ನಿಜವಾದ ಕೋಣೆಯಲ್ಲಿ ಬಿಸಿಲು ಬಿದ್ದ ಜಾಗಕ್ಕೂ ಮಂಚದ ಕೆಳಗಿನ ಕತ್ತಲೆಗೂ ನೂರಾರು ಪಟ್ಟು ವ್ಯತ್ಯಾಸವಿರುತ್ತದೆ. ನಿಮ್ಮ ಬಿಳಿ ಕಾಗದಕ್ಕೂ ಕಪ್ಪು ಪೆನ್ಸಿಲ್ಲಿನ ಗೆರೆಗೂ ಇರುವ ವ್ಯತ್ಯಾಸ ಹದಿನೈದು ಇಪ್ಪತ್ತು ಪಟ್ಟು ಅಷ್ಟೆ. ಅಷ್ಟರಲ್ಲೇ ಇಡೀ ಕೋಣೆಯನ್ನು ಹಿಡಿಸಬೇಕು. ಕಾಗದದ ಬಿಳುಪು ನಿಮ್ಮ ಬಳಿ ಇರುವ ಅತಿ ದೊಡ್ಡ ಬೆಳಕು, ಅದನ್ನು ಹಾಳು ಮಾಡಬೇಡಿ. ಬಿಳಿ ಪೆನ್ಸಿಲ್ ಮೇಲಿಂದ ತಿಕ್ಕಿದರೆ ಆ ಬೆಳಕು ತಿರುಗಿ ಬರುವುದಿಲ್ಲ.

ಸಂಜೆಯ ಹೊತ್ತು ಇನ್ನೊಂದು ಸೋಜಿಗ. ಸಂಕೇಶ್ವರದ ಮೆಣಸಿನಕಾಯಿ ಮಹಾರಾಷ್ಟ್ರದ ಪೇಟೆಗಳವರೆಗೂ ಹೆಸರಾದದ್ದು, ನಿಮಗೆ ನಾನು ಹೇಳಬೇಕಿಲ್ಲ. ಕೆಂಪು ಮೆಣಸಿನಕಾಯಿ ಪಡಸಾಲೆಯಲ್ಲಿ ಹರವಿದ್ದಾಗ ಅದರ ಪಕ್ಕ ಒಂದು ನೀಲಿ ಪ್ಲಾಸ್ಟಿಕ್ ಬುಟ್ಟಿ ಇಟ್ಟು, ದೀಪ ಹಚ್ಚದೆ, ಹೊತ್ತು ಮುಳುಗುವವರೆಗೆ ನೋಡುತ್ತಿರಿ. ಹಗಲಿನಲ್ಲಿ ಕಣ್ಣು ಕುಕ್ಕುತ್ತಿದ್ದ ಕೆಂಪು ಮೊದಲು ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ. ನೀಲಿ ಬುಟ್ಟಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ತೇಲುತ್ತಿರುತ್ತದೆ. ಕಣ್ಣಿನ ಪರದೆಯಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಮೂರು ಬಗೆಯವು, ಅವಕ್ಕೆ ಒಳ್ಳೆಯ ಬೆಳಕು ಬೇಕು. ಬೆಳಕು ಇಳಿದಾಗ ಕೆಲಸ ವಹಿಸಿಕೊಳ್ಳುವವು ಸರಳು ಕೋಶಗಳು. ಅವಕ್ಕೆ ಬಣ್ಣ ತಿಳಿಯುವುದಿಲ್ಲ, ಕೆಂಪು ಬೆಳಕಂತೂ ಹೆಚ್ಚುಕಡಿಮೆ ಕಾಣುವುದೇ ಇಲ್ಲ. 1819ರ ಸುಮಾರಿಗೆ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಹೂವುಗಳ ಬಣ್ಣ ನಸುಕಿನಲ್ಲಿ ಬದಲಾಗುವುದನ್ನು ನೋಡಿ ಇದನ್ನು ಗುರುತಿಸಿದ. ಸಂಜೆಯ ಕೋಣೆ ಬರೆಯುವಾಗ ಕೆಂಪು ಪೆನ್ಸಿಲ್ಲನ್ನು ಹಿಂದೆ ಸರಿಸಿ, ನೀಲಿ, ಬೂದಿಗಳನ್ನು ಮುಂದಿಟ್ಟುಕೊಳ್ಳಿ.

ಇನ್ನು ಕೈಯಲ್ಲಿರುವ ಸಾಮಾನುಗಳ ಕಡೆ ತಿರುಗೋಣ. ಒಣಗಿಹೋದ ಸ್ಕೆಚ್ ಪೆನ್ ಒಂದಿದ್ದರೆ ಹಿಂದಿನ ಮುಚ್ಚಳ ಬಿಚ್ಚಿ ನೋಡಿ. ಒಳಗೆ ಹತ್ತಿಯ ಸುರುಳಿಯ ಹಾಗೆ ಕಾಣುವ ನಾರಿನ ಕೋಲಿರುತ್ತದೆ. ಶಾಯಿ ಇರುವುದು ಅದರೊಳಗೆ. ಮುಂದಿನ ಮೊನೆಯೂ ನಾರುಗಳನ್ನು ಒತ್ತಿ ಮಾಡಿದ್ದೇ. ದೇವರ ಮುಂದಿನ ದೀಪದ ಬತ್ತಿ ಎಣ್ಣೆ ಹೀರುವಂತೆ ಈ ನಾರುಗಳ ನಡುವಿನ ಸಂದುಗಳು ಶಾಯಿಯನ್ನು ಎಳೆದುಕೊಂಡು ಮೊನೆಗೆ ತರುತ್ತವೆ. ಮೊನೆ ಕಾಗದಕ್ಕೆ ಮುಟ್ಟಿದ ಕೂಡಲೇ ಕಾಗದದ ನಾರು ಎಳೆಯಲು ಶುರುಮಾಡುತ್ತದೆ. ಇಂಥ ನಾರಿನ ಮೊನೆಯ ಪೆನ್ನನ್ನು ಜಪಾನಿನ ಯುಕಿಯೊ ಹೋರಿಯೆ 1962ರಲ್ಲಿ ತಯಾರಿಸಿದ.

ಕಾಗದ ಶಾಯಿ ಎಳೆಯುವುದರಿಂದಲೇ ಸ್ಕೆಚ್ ಪೆನ್ನಿನಲ್ಲಿ ಗೋಡೆ ತುಂಬಿದರೆ ಪಟ್ಟೆ ಪಟ್ಟೆ ಕಾಣುವುದು. ಒಂದು ಗೆರೆ ಒಣಗಿದ ಮೇಲೆ ಅದರ ಅಂಚಿಗೆ ಇನ್ನೊಂದು ಗೆರೆ ತಾಗಿದರೆ ಅಲ್ಲಿ ಬಣ್ಣ ಎರಡು ಪದರವಾಗಿ ಗಾಢವಾಗುತ್ತದೆ. ಅಂಚು ಹಸಿಯಾಗಿರುವಾಗಲೇ ಮುಂದಿನ ಗೆರೆ ಎಳೆದರೆ ಎರಡರ ಶಾಯಿ ಬೆರೆತು ಪಟ್ಟೆ ಮಾಯವಾಗುತ್ತದೆ. ಆದ್ದರಿಂದ ನಿಲ್ಲಿಸದೆ, ಒಂದೇ ದಿಕ್ಕಿನಲ್ಲಿ, ಬೇಗ ಬೇಗ ಎಳೆಯಿರಿ. ಕಿಟಕಿಯ ಹತ್ತಿರದ ಗೋಡೆಯಿಂದ ಶುರುಮಾಡಿ ಮೂಲೆಗೆ ಹೋಗಿ. ನೀರಿನ ಶಾಯಿಯದಾದರೆ ಒಂದೇ ಕಡೆ ಮತ್ತೆ ಮತ್ತೆ ತಿಕ್ಕಬೇಡಿ. ನೀರು ಕುಡಿದ ಕಾಗದದ ನಾರು ಉಬ್ಬಿ ಮೇಲೆದ್ದು ಉಂಡೆಯಾಗುತ್ತದೆ. ದೊಡ್ಡವರು ಬಳಸುವ ಆಲ್ಕೋಹಾಲ್ ಮಾರ್ಕರಿನಲ್ಲಿ ಈ ತೊಂದರೆಯಿಲ್ಲ, ಆಲ್ಕೋಹಾಲ್ ಬೇಗ ಆವಿಯಾಗುತ್ತದೆ, ನಾರನ್ನು ಉಬ್ಬಿಸುವುದಿಲ್ಲ. ಆದರೆ ಅದು ಕಾಗದದ ಹಿಂದಿನ ಬದಿಗೂ ಇಳಿಯುತ್ತದೆ, ಕೆಳಗೆ ಒಂದು ರದ್ದಿ ಹಾಳೆ ಇಡಲೇಬೇಕು. ಕಿಟಕಿ ತೆರೆದಿಟ್ಟುಕೊಂಡು ಬಳಸಿ, ಅದರ ವಾಸನೆ ಮೂಸಬೇಡಿ.

ಕಪ್ಪು ಸ್ಕೆಚ್ ಪೆನ್ನಿನಲ್ಲಿ ಏನಿದೆ ಎಂದು ತಿಳಿಯಲು ಶಾಲೆಯ ಬಿಳಿ ಸೀಮೆಸುಣ್ಣದ ಕಡ್ಡಿ ಸಾಕು. ಕಡ್ಡಿಯ ಬುಡದಿಂದ ಎರಡು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್ನಿನಿಂದ ಸುತ್ತಲೂ ಬಳೆ ಬರೆಯಿರಿ. ಒಂದು ಬಟ್ಟಲಲ್ಲಿ ಒಂದು ಬೆರಳಿನ ಅಗಲದಷ್ಟೇ ನೀರು ಹಾಕಿ ಕಡ್ಡಿಯನ್ನು ನಿಲ್ಲಿಸಿ. ನೀರು ಕಪ್ಪು ಬಳೆಗೆ ನೇರವಾಗಿ ತಾಗಬಾರದು. ಸ್ವಲ್ಪ ಹೊತ್ತಿಗೆ ನೀರು ಸುಣ್ಣದೊಳಗೆ ಹತ್ತುತ್ತ ಬಳೆಯನ್ನು ದಾಟುತ್ತದೆ, ಕಪ್ಪು ಒಡೆಯುತ್ತದೆ. ಕೆಲವು ಪೆನ್ನಿನಲ್ಲಿ ನೀಲಿ ಮೇಲಕ್ಕೆ ಓಡುತ್ತದೆ, ಗುಲಾಬಿ ನಡುವೆ ಉಳಿಯುತ್ತದೆ, ಹಳದಿ ಇನ್ನೆಲ್ಲೋ ಕಾಣುತ್ತದೆ. ಕಂಪನಿ ಬದಲಾದರೆ ಸಾಲೂ ಬದಲಾಗುತ್ತದೆ. ನೀರಿನಲ್ಲಿ ಸುಲಭವಾಗಿ ಕರಗಿ, ಸುಣ್ಣಕ್ಕೆ ಅಷ್ಟಾಗಿ ಅಂಟದ ಬಣ್ಣ ದೂರ ಹೋಗುತ್ತದೆ, ಅಂಟಿಕೊಳ್ಳುವ ಬಣ್ಣ ಹಿಂದೆ ಬೀಳುತ್ತದೆ. ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯಾದ ಸಸ್ಯವಿಜ್ಞಾನಿ ಎಲೆಯ ಬಣ್ಣಗಳನ್ನು ಬೇರ್ಪಡಿಸಲು ಇದೇ ಉಪಾಯ ಮಾಡಿದ್ದ, ಅವನೂ ಗಾಜಿನ ಕೊಳವೆಯಲ್ಲಿ ತುಂಬಿದ್ದು ಸುಣ್ಣದ ಪುಡಿಯನ್ನೇ. 1906ರಲ್ಲಿ ಅವನು ಇದಕ್ಕೆ ಕ್ರೊಮೆಟೋಗ್ರಫಿ ಎಂದು ಹೆಸರಿಟ್ಟ. ಔಷಧ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಇಂದಿಗೂ ಇದೇ ತತ್ವದ ಯಂತ್ರಗಳು ಕೆಲಸ ಮಾಡುತ್ತಿವೆ.

ಬಣ್ಣದ ಪೆನ್ಸಿಲ್ಲಿನ ಸ್ವಭಾವ ಬೇರೆ. ಬರೆಯುವ ಪೆನ್ಸಿಲ್ಲಿನ ಕಡ್ಡಿಯನ್ನು ಗ್ರಾಫೈಟ್ ಪುಡಿ ಮತ್ತು ಜೇಡಿಮಣ್ಣು ಕಲಸಿ, ಭಟ್ಟಿಯಲ್ಲಿ ಸುಟ್ಟು ಮಾಡುತ್ತಾರೆ. ಇದನ್ನು 1795ರಲ್ಲಿ ಫ್ರಾನ್ಸಿನ ಕಾಂಟೆ ಕಂಡುಹಿಡಿದ. ಬಣ್ಣದ ಕಡ್ಡಿಯನ್ನು ಸುಡುವಂತಿಲ್ಲ. ಅದರಲ್ಲಿರುವುದು ಬಣ್ಣದ ಪುಡಿ, ಮೇಣ, ಅಂಟು ಮತ್ತು ನುಣ್ಣನೆಯ ಬಿಳಿಮಣ್ಣು. ಸುಟ್ಟರೆ ಮೇಣ ಕರಗಿ ಬಣ್ಣ ಕರಕಾಗುತ್ತದೆ. ಕಾಗದದ ಮೇಲೆ ಎಳೆದಾಗ ಈ ಮೇಣದ ಬಣ್ಣ ನಾರಿನೊಳಕ್ಕೆ ಇಳಿಯುವುದಿಲ್ಲ, ಕಾಗದದ ಉಬ್ಬುಗಳ ತಲೆಗಳಿಗೆ ಅಂಟಿ ಕೂಡುತ್ತದೆ. ತಗ್ಗುಗಳು ಬಿಳಿಯಾಗಿ ಉಳಿಯುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಗೆರೆ ಎಂಬುದು ಗೆರೆಯಾಗಿರುವುದೇ ಇಲ್ಲ, ಚುಕ್ಕಿಗಳ ಜಾತ್ರೆ. ಮಣ್ಣಿನ ಗೋಡೆಯ ಒರಟು, ಕಂಬಳಿಯ ನವಿರು, ಜಂತಿಯ ಕಟ್ಟಿಗೆಯ ಎಳೆ, ಇವು ಬಣ್ಣದ ಪೆನ್ಸಿಲ್ಲಿನಲ್ಲಿ ಅಷ್ಟು ಚೆನ್ನಾಗಿ ಬರುವುದು ಇದರಿಂದಲೇ.

ಎರಡನ್ನೂ ಕೂಡಿಸಿ ಬಳಸುವಾಗ ಸ್ಕೆಚ್ ಪೆನ್ ಮೊದಲು, ಪೆನ್ಸಿಲ್ ಆಮೇಲೆ. ತಿರುಗಾಮುರುಗಾ ಮಾಡಿದರೆ ಮೇಣ ನೀರನ್ನು ದೂರ ತಳ್ಳುತ್ತದೆ, ಶಾಯಿ ಹನಿ ಹನಿಯಾಗಿ ನಿಲ್ಲುತ್ತದೆ, ಪೆನ್ನಿನ ಮೊನೆಗೂ ಮೇಣ ಮೆತ್ತಿ ಅದು ಕೆಡುತ್ತದೆ. ನೆಲಕ್ಕೆ, ಗೋಡೆಗೆ, ಬಾಗಿಲಿಗೆ ತಿಳಿಯಾದ ಸ್ಕೆಚ್ ಪೆನ್ ಬಣ್ಣ ಹರಡಿ. ಪೂರ್ತಿ ಒಣಗಲಿ. ಆಮೇಲೆ ಪೆನ್ಸಿಲ್ಲನ್ನು ಒತ್ತದೆ, ಪದರದ ಮೇಲೆ ಪದರವಾಗಿ ನೆರಳು ಕೂಡಿಸಿ. ಹಳದಿಯ ಮೇಲೆ ತೆಳು ನೀಲಿ ಎಳೆದರೆ ಹಸಿರು ಬರುವುದು ಗೊತ್ತಲ್ಲ. ಹಳದಿ ಪದರ ಬೆಳಕಿನ ನೀಲಿ ಪಾಲನ್ನು ನುಂಗುತ್ತದೆ, ನೀಲಿ ಪದರ ಕೆಂಪು ಪಾಲನ್ನು ನುಂಗುತ್ತದೆ, ಎರಡೂ ನುಂಗದೆ ಬಿಟ್ಟದ್ದು ಹಸಿರು. ಹಳದಿ ಗೋಡೆಯ ನೆರಳಿಗೆ ತಿಳಿ ನೇರಳೆ ಹಚ್ಚಿದರೂ ಇದೇ ನಡೆಯುತ್ತದೆ, ಹೆಚ್ಚು ಪಾಲು ನುಂಗಿಹೋಗಿ ಗೋಡೆ ಮಂಕಾಗುತ್ತದೆ. ಕಪ್ಪು ಹಚ್ಚಿದಾಗ ಬರುವ ಮಸ್ಸಿನ ಕಳೆ ಬರುವುದಿಲ್ಲ.

ಪದರದ ಈ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ಗೋಕಾಕದ ಕಟ್ಟಿಗೆ ಹಣ್ಣುಗಳನ್ನು ನೋಡಿ. ಗೋಕಾಕವೆಂದರೆ ಕರದಂಟು ಎನ್ನುವ ನಾವು ಅಲ್ಲಿನ ಬಣ್ಣದ ಗೊಂಬೆಗಳನ್ನು ಮರೆಯಬಾರದು. ಹಗುರ ಕಟ್ಟಿಗೆಯಲ್ಲಿ ಕೊರೆದ ಮಾವಿನ ಹಣ್ಣಿನಲ್ಲಿ ಹಳದಿಯಿಂದ ಕೆಂಪಿಗೆ ಬಣ್ಣ ಎಲ್ಲಿ ತಿರುಗಿತು ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಅದನ್ನು ಪಡಸಾಲೆಯ ಗೂಡಿನಲ್ಲಿಟ್ಟು ಚಿತ್ರದಲ್ಲಿ ಸೇರಿಸಿಕೊಂಡರೆ ಬಣ್ಣದ ಪೆನ್ಸಿಲ್ಲಿಗೆ ಒಳ್ಳೆಯ ಪರೀಕ್ಷೆ.

ರಾತ್ರಿ ಎಲ್‌ಇಡಿ ಬಲ್ಬಿನ ಕೆಳಗೆ ಬಣ್ಣ ಆರಿಸಬೇಡಿ. ಬಿಳಿ ಎಲ್‌ಇಡಿಯೊಳಗೆ ನೀಲಿ ಬೆಳಕು ಕೊಡುವ ಸಣ್ಣ ಚಿಪ್ ಇರುತ್ತದೆ, ಅದರ ಮೇಲೆ ಹಳದಿ ಪುಡಿಯ ಲೇಪವಿರುತ್ತದೆ. ಎರಡರ ಬೆಳಕೂ ಬೆರೆತು ಬಿಳಿಯಾಗಿ ಕಾಣುತ್ತದೆ. ಬಿಸಿಲಿನಲ್ಲಿರುವ ಬಣ್ಣಗಳೆಲ್ಲ ಅದರಲ್ಲಿ ಅದೇ ಪ್ರಮಾಣದಲ್ಲಿ ಇರುವುದಿಲ್ಲ. ರಾತ್ರಿ ಒಂದೇ ಎನಿಸಿದ ಎರಡು ಕಂದು ಪೆನ್ಸಿಲ್ಲುಗಳು ಬೆಳಿಗ್ಗೆ ಬೇರೆ ಬೇರೆಯಾಗಿ ಕಾಣಬಹುದು.

ಬರುವ ರವಿವಾರ ಬೆಳಿಗ್ಗೆ ಒಂದು ಡ್ರಾಯಿಂಗ್ ಹಾಳೆ ತೆಗೆದುಕೊಂಡು ಕೂಡಿರಿ. ಮೊದಲು ಕಣ್ಣಿನ ಮಟ್ಟದ ಗೆರೆ, ಆಮೇಲೆ ತೊಲೆ, ಜಂತಿ, ಫರಸಿ, ಕೊನೆಗೆ ಬಣ್ಣ. ಹಾಳೆಯ ಹಿಂದೆ ತಾರೀಖು, ಹೊತ್ತು, ಕೂತ ಜಾಗ ಬರೆದಿಡಿ. ಮಧ್ಯಾಹ್ನ 4 ಗಂಟೆಗೆ ಅದೇ ಜಾಗದಲ್ಲಿ ಕೂತು ಇನ್ನೊಂದು ಹಾಳೆಯ ಮೇಲೆ ಅದೇ ಕೋಣೆ ಬರೆಯಿರಿ, ಎರಡರಲ್ಲಿ ಗೋಡೆಯ ಬಣ್ಣ ಹೇಗೆ ಬದಲಾಯಿತು ನೋಡಿ. ಮುಗಿದ ಮೇಲೆ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಅಂಟಿಸಬೇಡಿ. ಸ್ಕೆಚ್ ಪೆನ್ನಿನ ಶಾಯಿಯ ಅಣುಗಳನ್ನು ಬಿಸಿಲಿನ ನೇರಳಾತೀತ ಕಿರಣಗಳು ಒಡೆಯುತ್ತವೆ, ಗುಲಾಬಿ ಮತ್ತು ನೇರಳೆ ಎಲ್ಲಕ್ಕಿಂತ ಮೊದಲು ಮಾಸುವುದುಂಟು. ದಪ್ಪ ಪುಸ್ತಕದೊಳಗೆ ಇಟ್ಟರೆ ಬಹಳ ವರ್ಷ ಉಳಿಯುತ್ತದೆ.